ಎರಡು ಸಭೆಗಳ ನಡುವೆ ಒಂದು ಮದುವೆ: ಮುಂಬೈಯಲ್ಲಿ ಅನುಮತಿ ಪತ್ರಕ್ಕಾಗಿ ಅಲೆದ ಕಥೆ

ಪ್ರೊಟೆಸ್ಟಂಟ್ ಸಭೆಯ (ಚರ್ಚಿನ) ಹುಡುಗಿ ಕಥೋಲಿಕ ಹುಡುಗನನ್ನು ಮುಂಬೈಯಲ್ಲಿ ಮದುವೆಯಾಗಬೇಕಾದರೆ, ಅದೂ ತನ್ನ ಸಭೆಯನ್ನು ಬಿಡದೆ ಮದುವೆಯಾಗಬೇಕಾದರೆ, ಯಾವ ಕಾಗದ ಎಲ್ಲಿಂದ ತರಬೇಕು, ಯಾರ ಮುಂದೆ ಕೂರಬೇಕು, ಎಷ್ಟು ಕಾಯಬೇಕು ಎಂಬುದನ್ನು ನಾನು ಹುಡುಕುತ್ತಿದ್ದಾಗ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಇಂಗ್ಲಿಷ್‌ನಲ್ಲಿ ಸಿಕ್ಕಿದ್ದು ಬಹುಪಾಲು ಹೊರದೇಶದವರ ಸಲಹೆ. ಅಲ್ಲಿ ಬೆಟಗೇರಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಂನ) ರಿಜಿಸ್ಟರ್ ಆಗಲಿ, ಮುಂಬೈಯ ಕನ್ನಡ ಸಭೆಯ ಬಾಕಿ ವಂತಿಗೆಯಾಗಲಿ ಬರುವುದಿಲ್ಲ. ನಮ್ಮ ಮದುವೆ ಇತ್ತೀಚೆಗೆ ಮುಗಿಯಿತು. ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಕಾಗದಪತ್ರಗಳ ಜೊತೆಗೆ ನಂಬಿಕೆಯ ಮಾತೂ ಬರುತ್ತದೆ, ಏಕೆಂದರೆ ಈ ಓಡಾಟ ಶುರುವಾಗುವವರೆಗೆ ನನ್ನನ್ನಾಗಲಿ ನನ್ನ ಓರಗೆಯವರನ್ನಾಗಲಿ ಕೂರಿಸಿಕೊಂಡು ‘ನೀನು ಏನನ್ನು ನಂಬುತ್ತೀಯ’ ಎಂದು ಯಾರೂ ಕೇಳಿರಲಿಲ್ಲ.

ನಮ್ಮ ಮನೆತನ ಗದಗ-ಬೆಟಗೇರಿಯದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲೂ ನೆಲೆಯೂರಿತು. ನೇಕಾರರ ಓಣಿಯ ನಮ್ಮ ಹಿರಿಯರು ಆ ಮಿಷನ್ನಿನ ಸಭೆಗೆ ಸೇರಿದವರು. ಅಜ್ಜ ರೈಲ್ವೆ ನೌಕರಿ ಹಿಡಿದು ಕಲ್ಯಾಣಕ್ಕೆ ಬಂದರು, ಅಪ್ಪ ಅಲ್ಲಿಯೇ ಬೆಳೆದರು, ನಾನೂ ಅಲ್ಲಿಯೇ ಓದಿದೆ. ಹುಟ್ಟಿದ್ದು ಮಾತ್ರ ಬೆಟಗೇರಿಯಲ್ಲಿ, ಏಕೆಂದರೆ ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಅವಳು ತಿರುಗಿ ಮುಂಬೈಗೆ ಬರುವ ಮೊದಲು ಅಲ್ಲಿನ ಸಭೆಯಲ್ಲಿಯೇ ನನ್ನ ದೀಕ್ಷಾಸ್ನಾನವೂ ಆಗಿತ್ತು. ನನ್ನ ಗಂಡನ ಮನೆಯವರು ಕಾರ್ಕಳದ ಕಡೆಯ ಕೊಂಕಣಿ ಕಥೋಲಿಕರು. ಮಾವನವರು ಎಳೆಯ ವಯಸ್ಸಿನಲ್ಲಿ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಹೀಗಾಗಿ ಎರಡೂ ಮನೆಯ ಹಿರಿಯರು ತಮ್ಮತಮ್ಮಲ್ಲಿ ಮಾತಾಡುವುದು ಕನ್ನಡದಲ್ಲಿ, ನಾವಿಬ್ಬರು ಮಾತಾಡುವುದು ಅರ್ಧ ಹಿಂದಿ ಅರ್ಧ ಇಂಗ್ಲಿಷ್‌ನಲ್ಲಿ.

ಮೊದಲು ಹೋದದ್ದು ಗಂಡನಾಗುವವರ ಧರ್ಮಕೇಂದ್ರದ, ಎಂದರೆ ಅವರ ಪ್ಯಾರಿಷ್ ಚರ್ಚಿನ, ಕಚೇರಿಗೆ. ಮದುವೆಗೆ ಆರು ತಿಂಗಳು ಇರುವಾಗಲೇ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಂಥವರಿಗೆ ಅದು ಸಾಲದು, ವರ್ಷ ಇರುವಾಗಲೇ ಹೋಗಿ ಎಂದು ನಾನು ಹೇಳುತ್ತೇನೆ. ಅಲ್ಲಿ ಕೇಳಿದ್ದು ಇಷ್ಟು: ಅವರದು ಇತ್ತೀಚೆಗೆ ಕೊಟ್ಟ ಜ್ಞಾನಸ್ನಾನದ (ದೀಕ್ಷಾಸ್ನಾನವನ್ನು ಕಥೋಲಿಕರು ಹೀಗೆನ್ನುತ್ತಾರೆ) ಪ್ರಮಾಣಪತ್ರ, ನನ್ನ ದೀಕ್ಷಾಸ್ನಾನದ ಪ್ರಮಾಣಪತ್ರ, ನಾನು ಅವಿವಾಹಿತೆ ಮತ್ತು ಮದುವೆಯಾಗಲು ಅಡ್ಡಿಯಿಲ್ಲ ಎಂದು ನನ್ನ ಸಭಾಪಾಲಕರು (ಪಾಸ್ಟರ್) ಬರೆದುಕೊಟ್ಟ ಪತ್ರ, ವಿವಾಹ ಸಿದ್ಧತೆಯ ತರಗತಿಗೆ ಇಬ್ಬರೂ ಹಾಜರಾದ ಪ್ರಮಾಣಪತ್ರ, ವಯಸ್ಸು ಮತ್ತು ವಿಳಾಸದ ದಾಖಲೆಗಳು, ಫೋಟೊಗಳು, ನಮ್ಮನ್ನು ಬಹುಕಾಲದಿಂದ ಬಲ್ಲ ಸಾಕ್ಷಿಗಳು. ಇವೆಲ್ಲ ಕೂಡಿದ ಮೇಲೆ ಫಾದರ್ ನಮ್ಮಿಬ್ಬರನ್ನು ಬೇರೆ ಬೇರೆಯಾಗಿ ವಿಚಾರಿಸುತ್ತಾರೆ, ಅರ್ಜಿ ಮಹಾಧರ್ಮಪ್ರಾಂತ್ಯದ, ಎಂದರೆ ಆರ್ಚ್‌ಬಿಷಪ್ಪರ, ಕಚೇರಿಗೆ ಹೋಗುತ್ತದೆ, ಅಲ್ಲಿಂದ ಅನುಮತಿ ಬಂದ ಮೇಲೆಯೇ ದಿನಾಂಕ ಖಚಿತವಾಗುತ್ತದೆ.

ಅನುಮತಿ ಏಕೆ ಬೇಕೆಂದರೆ, ಕಥೋಲಿಕ ಸಭೆಯ ಸ್ವಂತ ಕಾನೂನಾದ 1983ರ ಕ್ಯಾನನ್ ಕಾನೂನಿನ 1124ನೆಯ ವಿಧಿಯಂತೆ ಕಥೋಲಿಕರು ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರನ್ನು ಮದುವೆಯಾಗಲು ಅಧಿಕಾರಸ್ಥರ ಸ್ಪಷ್ಟ ಒಪ್ಪಿಗೆ ಇರಬೇಕು. ವರ ಅಥವಾ ವಧು ದೀಕ್ಷಾಸ್ನಾನವನ್ನೇ ಪಡೆಯದವರಾದರೆ ದಾರಿ ಇನ್ನೂ ಬೇರೆ. ಆಗ 1086ನೆಯ ವಿಧಿಯ ಅಡ್ಡಿಯಿಂದ ವಿನಾಯಿತಿ ಪಡೆಯಬೇಕು, ಅದಿಲ್ಲದೆ ನಡೆದ ಮದುವೆಯನ್ನು ಕಥೋಲಿಕ ಸಭೆ ಮದುವೆಯೆಂದೇ ಎಣಿಸುವುದಿಲ್ಲ. ಆದ್ದರಿಂದ ನನ್ನ ದೀಕ್ಷಾಸ್ನಾನದ ಕಾಗದವೇ ಇಡೀ ಕೆಲಸದ ಬುಡ. ನೀರಿನಿಂದ, ತಂದೆ, ಮಗ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕಥೋಲಿಕರು ಮಾನ್ಯ ಮಾಡುತ್ತಾರೆ. ಆದರೆ ಅದು ಆಗಿದೆ ಎಂದು ತೋರಿಸಬೇಕು.

ಕಚೇರಿಯಲ್ಲಿ ಕುಳಿತಿದ್ದ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದರು: ‘ನೀವೂ ಕಥೋಲಿಕರಾಗಿಬಿಟ್ಟರೆ ಇಷ್ಟೆಲ್ಲ ತಾಪತ್ರಯವೇ ಇರುವುದಿಲ್ಲವಲ್ಲ?’ ಮುಂದಿನ ತಿಂಗಳುಗಳಲ್ಲಿ ಈ ಮಾತನ್ನು ನೆಂಟರು, ಸಹೋದ್ಯೋಗಿಗಳು, ಹೂವಿನ ಅಲಂಕಾರದವರು ಕೂಡ ಹೇಳಿದರು. ಗಂಡನಾಗುವವನಿಗೆ ಮಾತ್ರ ಯಾರೂ ‘ನೀನು ಪ್ರೊಟೆಸ್ಟಂಟ್ ಆಗಿಬಿಡು’ ಎನ್ನಲಿಲ್ಲ. ಫಾದರ್ ಹಾಗೆ ಒತ್ತಾಯಿಸಲಿಲ್ಲ ಎಂಬುದನ್ನೂ ಹೇಳಬೇಕು. ಮನಸ್ಸಿನಲ್ಲಿ ಒಪ್ಪಿಗೆ ಇಲ್ಲದೆ ಕಾಗದ ಉಳಿಸಲು ಸಭೆ ಬದಲಿಸುವುದು ಬೇಡ ಎಂದು ಅವರೇ ಅಂದರು. ಹುಡುಗಿಯರಿಗೆ ನನ್ನ ಮಾತು ಇಷ್ಟೇ: ಕಾನೂನು ಅದನ್ನು ಕೇಳುವುದಿಲ್ಲ. ಹಾಗೆ ಕೇಳಿದವರು ಕಾನೂನನ್ನು ಹೇಳುತ್ತಿಲ್ಲ, ತಮ್ಮ ಅನುಕೂಲವನ್ನು ಹೇಳುತ್ತಿದ್ದಾರೆ.

ಸಭಾಪಾಲಕರ ಪತ್ರ ಬೇಕು ಎಂದಾಗ ಎದುರಾದ ಪ್ರಶ್ನೆ, ನನ್ನ ಸಭಾಪಾಲಕರು ಯಾರು ಎಂಬುದು. ಕಾಲೇಜು ಮುಗಿಸಿದ ಮೇಲೆ ನಾನು ಹೋಗುತ್ತಿದ್ದುದು ಪವಯಿಯ ಕಡೆ ಸಭಾಂಗಣವೊಂದರಲ್ಲಿ ಭಾನುವಾರ ಕೂಡುತ್ತಿದ್ದ ಸ್ವತಂತ್ರ ಕ್ರೈಸ್ತ ಕೂಟಕ್ಕೆ. ಗಿಟಾರ್, ಡ್ರಮ್, ಪರದೆಯ ಮೇಲೆ ಹಾಡಿನ ಸಾಲು, ಮುಗಿದ ಮೇಲೆ ಕಾಫಿ. ಎಲ್ಲರೂ ಇಪ್ಪತ್ತು–ಮೂವತ್ತರ ನಡುವಿನವರು, ಯಾರೂ ನಿಮ್ಮ ಊರು ಕೇಳುವುದಿಲ್ಲ, ಮನೆತನ ಕೇಳುವುದಿಲ್ಲ. ನನ್ನ ಬದುಕಿನ ಕೆಟ್ಟ ವರ್ಷವೊಂದರಲ್ಲಿ ನನಗಾಗಿ ನಿಜವಾಗಿ ಪ್ರಾರ್ಥಿಸಿದವರು ಅವರೇ, ಅದನ್ನು ಮರೆಯಲಾರೆ. ಆದರೆ ಪತ್ರ ಕೇಳಿದಾಗ ಅಲ್ಲಿನ ಮುಖಂಡರು ನಿಜವನ್ನೇ ಹೇಳಿದರು: ಅಲ್ಲಿ ಸದಸ್ಯರ ಪುಸ್ತಕ ಎಂಬುದೇ ಇರಲಿಲ್ಲ. ವರ್ಷಗಟ್ಟಲೆ ಹೋದ ಜಾಗದಲ್ಲಿ ನಾನು ಯಾರೆಂದು ಬರೆದುಕೊಡುವವರು ಯಾರೂ ಇಲ್ಲ, ಕಾಲಿಡದೆ ವರ್ಷಗಳೇ ಕಳೆದಿದ್ದ ಸಭೆಯಲ್ಲಿ ನನ್ನ ಹೆಸರು ಇನ್ನೂ ಇದೆ. ನನ್ನ ತಲೆಮಾರಿನ ಕ್ರೈಸ್ತರಲ್ಲಿ ಬಹಳಷ್ಟು ಜನ ಇದೇ ಸ್ಥಿತಿಯಲ್ಲಿದ್ದಾರೆ, ಮದುವೆ ಅಥವಾ ಸಾವು ಬರುವವರೆಗೆ ಅದು ಗೊತ್ತಾಗುವುದಿಲ್ಲ ಅಷ್ಟೆ.

ಇಂಥ ಕೂಟಗಳಲ್ಲಿ ಕೆಲವರು ಮತ್ತೊಮ್ಮೆ, ಮುಳುಗಿ, ದೀಕ್ಷಾಸ್ನಾನ ಪಡೆಯುತ್ತಾರೆ. ಹಾಗೆ ಪಡೆದವರು ಧರ್ಮಕೇಂದ್ರದ ಕಚೇರಿಯಲ್ಲಿ ಎರಡನ್ನೂ ತಿಳಿಸಿ, ಮೊದಲನೆಯದರ ಪ್ರಮಾಣಪತ್ರವನ್ನೇ ಮುಂದಿಡಿ. ಒಮ್ಮೆ ಆದ ದೀಕ್ಷಾಸ್ನಾನವನ್ನು ಮತ್ತೆ ಮಾಡಲಾಗದು ಎಂಬುದು ಕಥೋಲಿಕರ ನಿಲುವು, ಹಳೆಯ ಸಭೆಗಳ ನಿಲುವೂ ಅದೇ.

ಹೀಗೆ ನಾನು ನಮ್ಮ ಕನ್ನಡ ಸಭೆಗೆ ತಿರುಗಿ ಬಂದೆ. ಆ ಸಭೆಗೆ ಸ್ವಂತ ಕಟ್ಟಡವಿಲ್ಲ. ಇನ್ನೊಂದು ಸಭೆಯ ದೇವಾಲಯದಲ್ಲಿ, ಬೆಳಗಿನ ಮರಾಠಿ ಆರಾಧನೆ ಮುಗಿದು ಸಂಜೆಯ ತಮಿಳು ಆರಾಧನೆ ಶುರುವಾಗುವ ನಡುವಿನ ಮಧ್ಯಾಹ್ನದ ಹೊತ್ತಿನಲ್ಲಿ ಕನ್ನಡದವರಿಗೆ ಜಾಗ. ಮುಂದಿನ ಬೆಂಚುಗಳಲ್ಲಿ ಹಿರಿಯರು, ನಡುವೆ ಖಾಲಿ, ಹಿಂದೆ ಫೋನ್ ಹಿಡಿದ ಮಕ್ಕಳು. ನನ್ನ ವಯಸ್ಸಿನವರು ಕೈಬೆರಳೆಣಿಕೆ. ಮೊದಲು ಹೇಳಿದ್ದು ವಂತಿಗೆಯ ವಿಷಯ: ಅಪ್ಪ ನಿವೃತ್ತರಾದ ಮೇಲೆ ನಮ್ಮ ಕುಟುಂಬದ ಚಂದಾ ಬಾಕಿ ಉಳಿದಿತ್ತು, ಅದು ತೀರದೆ ಪತ್ರ ಇಲ್ಲ. ಲೆಕ್ಕ ಹಾಕಿದರೆ ಮೊತ್ತ ದೊಡ್ಡದಲ್ಲ, ಕೊಟ್ಟೆವು, ರಸೀದಿ ಪಡೆದೆವು. ಆದರೂ ಆರಾಧನೆಗೆ ಬಂದವಳನ್ನು ಹೇಗಿದ್ದೀಯ ಎಂದು ಕೇಳುವ ಮೊದಲು ಬಾಕಿ ಕೇಳಿದ್ದು ನನಗೆ ನೋವಾಯಿತು. ಯುವಕರು ಸಭೆಗೆ ಬರುವುದಿಲ್ಲ ಎಂದು ವರ್ಷವಿಡೀ ದೂರುವ ಹಿರಿಯರು, ಬಂದ ಯುವಕರ ಜೊತೆ ಆಡುವ ಮೊದಲ ಮಾತು ಯಾವುದು ಎಂದು ಒಮ್ಮೆ ಯೋಚಿಸಬೇಕು.

ಎರಡನೆಯ ಅಡ್ಡಿ ದೊಡ್ಡದು. ನನಗೆ ದೃಢೀಕರಣ ಆಗಿರಲಿಲ್ಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಬುದ್ಧಿ ಬಂದ ಮೇಲೆ ತಮ್ಮ ಬಾಯಿಂದಲೇ ವಿಶ್ವಾಸವನ್ನು ಹೇಳಿ, ಬಿಷಪ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆಯೇ ಪೂರ್ಣ ಸದಸ್ಯರಾಗುವುದು. ಪೂರ್ಣ ಸದಸ್ಯರಿಗಲ್ಲದೆ ಮದುವೆಯ ಪತ್ರ ಕೊಡುವುದಿಲ್ಲ ಎಂದು ನಮ್ಮ ಸಭೆಯ ಸಮಿತಿ ನಿಯಮ ಮಾಡಿಕೊಂಡಿತ್ತು. ನನಗೆ ಅದು ಆಗದಿರಲು ಕಾರಣ ಯಾವ ಸಂದೇಹವೂ ಅಲ್ಲ, ಬಂಡಾಯವೂ ಅಲ್ಲ. ಹತ್ತನೆಯ ತರಗತಿಯ ವರ್ಷ ಕೋಚಿಂಗ್ ಕ್ಲಾಸಿನವರು ಪ್ರತಿ ಭಾನುವಾರ ಟೆಸ್ಟ್ ಇಡುತ್ತಿದ್ದರು. ನನ್ನ ಜೊತೆಯ ಅನೇಕರ ಕಥೆಯೂ ಇದೇ: ಹತ್ತನೆಯದಾದ ಮೇಲೆ ಹನ್ನೆರಡನೆಯದು, ಆಮೇಲೆ ಪ್ರವೇಶ ಪರೀಕ್ಷೆ, ಆಮೇಲೆ ಭಾನುವಾರವೂ ಲಾಗಿನ್ ಆಗಬೇಕಾದ ಕೆಲಸ. ನಮ್ಮ ತಲೆಮಾರು ವಿಜ್ಞಾನ ಓದಿ ನಂಬಿಕೆ ಬಿಟ್ಟಿತು ಎಂದು ಸಭೆಯ ಪ್ರವಚನಗಳಲ್ಲಿ ಕೇಳಿದ್ದೇನೆ. ನಾನು ಕಂಡಂತೆ ಮುಂಬೈಯ ಕ್ರೈಸ್ತ ಮಕ್ಕಳು ಮೊದಲು ಕಳೆದುಕೊಂಡದ್ದು ಭಾನುವಾರವನ್ನು. ಉಳಿದದ್ದು ಅದರ ಹಿಂದೆ ಹೋಯಿತು.

ದೃಢೀಕರಣದ ತರಗತಿಗೆ 28ನೆಯ ವಯಸ್ಸಿನಲ್ಲಿ, ಹದಿನಾಲ್ಕು–ಹದಿನೈದರ ಮಕ್ಕಳ ಜೊತೆ, ಶನಿವಾರ ಸಂಜೆ ಕೂತೆ. ನಾಚಿಕೆಯಾಯಿತು, ಎರಡನೆಯ ವಾರಕ್ಕೆ ಅದು ಹೋಯಿತು. ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು, ಅಪೊಸ್ತಲರ ವಿಶ್ವಾಸ ಪ್ರಮಾಣ, ಎರಡು ಸಂಸ್ಕಾರಗಳು, ಇವುಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಬೇಕು. ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರು. ಹಿರಿಯರೊಬ್ಬರು ಅದನ್ನು ಕಂಡು ಬೈದರು. ಬೈಯುವ ಬದಲು, 1894ರಲ್ಲಿ ಕನ್ನಡಕ್ಕೆ ನಿಘಂಟು ಮಾಡಿಕೊಟ್ಟ ಕಿಟ್ಟೆಲ್ ಇದೇ ಬಾಸೆಲ್ ಮಿಷನ್ನಿನವರು, ಕಲಿಯದ ಭಾಷೆಯಲ್ಲಿ ಬೋಧಿಸಲು ಅವರು ಎಷ್ಟು ಪಾಡುಪಟ್ಟರು ಎಂದು ಹೇಳಬಹುದಿತ್ತು. ಸಭಾಪಾಲಕರು ಮಾತ್ರ ಫೋನ್ ಬೇಡ ಎನ್ನಲಿಲ್ಲ. ಬಾಯಿಗೆ ಬರಲಿ, ಅಕ್ಷರ ಆಮೇಲೆ ಬರಲಿ ಎಂದರು.

ಆ ತರಗತಿಯ ಬಗ್ಗೆ ಹೆಚ್ಚು ಬರೆಯಲೇಬೇಕು, ಏಕೆಂದರೆ ಇಡೀ ಓಡಾಟದಲ್ಲಿ ನನಗೆ ಏನಾದರೂ ಸಿಕ್ಕಿದ್ದರೆ ಅಲ್ಲಿಯೇ. ಮೊದಲ ಕೆಲವು ವಾರ ಪುಸ್ತಕದ ಪ್ರಶ್ನೆಗೆ ಪುಸ್ತಕದ ಉತ್ತರ ನಡೆಯಿತು. ಆಮೇಲೆ ಒಂದು ಸಂಜೆ, ಜಾಣ ಹುಡುಗಿಯೊಬ್ಬಳು, ತನ್ನ ಪ್ರಾಣಸ್ನೇಹಿತೆ ಜೈನಳು, ಇರುವೆಯನ್ನೂ ತುಳಿಯದವಳು, ಅವಳು ರಕ್ಷಣೆ ಹೊಂದುವುದಿಲ್ಲವೇ ಎಂದು ಕೇಳಿದಳು. ಅವಳ ಹಿಂದೆಯೇ ಪ್ರಶ್ನೆಗಳ ಕಟ್ಟೆ ಒಡೆಯಿತು. ಶಾಲೆಯಲ್ಲಿ ಜೀವ ಕಳೆದುಕೊಂಡ ಹುಡುಗನಿಗಾಗಿ ಪ್ರಾರ್ಥಿಸಬಹುದೇ? ತಾನು ಹುಡುಗಿಯರನ್ನು ಇಷ್ಟಪಡುವುದಿಲ್ಲ ಎಂದು ಒಬ್ಬ ಹುಡುಗ ಹೇಳಿದರೆ ಸಭೆ ಅವನನ್ನು ಏನು ಮಾಡುತ್ತದೆ? ಪ್ರಾರ್ಥಿಸಿದರೂ ಅಜ್ಜ ಕೋವಿಡ್‌ನಲ್ಲಿ ತೀರಿಕೊಂಡರಲ್ಲ, ಹಾಗಾದರೆ ಕೇಳಿದ್ದು ಯಾರು? ‘ನೀನು ಕ್ರಿಶ್ಚಿಯನ್ ಅಂತ ಅನ್ನಿಸುವುದೇ ಇಲ್ಲ’ ಎಂದು ಗೆಳೆಯರು ಹೊಗಳಿಕೆಯಂತೆ ಹೇಳಿದಾಗ ಏನು ಅನ್ನಬೇಕು? 2011ರ ಜನಗಣತಿಯಂತೆ ದೇಶದ ಜನರಲ್ಲಿ ಕ್ರೈಸ್ತರು ಶೇಕಡಾ 2.3 ಮಾತ್ರ, ಈ ಮಕ್ಕಳು ತರಗತಿಗೆ ಒಬ್ಬರಂತೆ ಬೆಳೆಯುವವರು, ಅವರ ಪ್ರಶ್ನೆಗಳು ಹುಟ್ಟುವುದು ಟಿಫಿನ್ ಡಬ್ಬಿ ಹಂಚಿಕೊಳ್ಳುವ ಜಾಗದಲ್ಲಿ.

ಸಭಾಪಾಲಕರು ನನಗಿಂತ ಹತ್ತು ವರ್ಷ ಹಿರಿಯರಿರಬಹುದು. ಅವರು ಎಲ್ಲಕ್ಕೂ ಉತ್ತರ ಕೊಡಲಿಲ್ಲ. ಜೈನ ಗೆಳತಿಯ ವಿಷಯದಲ್ಲಿ, ತೀರ್ಪು ಮಾಡುವುದು ಕರ್ತನ ಕೆಲಸ, ಅದನ್ನು ನಮ್ಮ ಕೈಗೆ ಕೊಟ್ಟಿಲ್ಲ ಎಂದರು. ಜೀವ ಕಳೆದುಕೊಂಡ ಹುಡುಗನಿಗಾಗಿ ಆ ಸಂಜೆಯೇ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಪ್ರಾರ್ಥಿಸಿದರು. ಅಜ್ಜನ ಪ್ರಶ್ನೆಗೆ ಕೀರ್ತನೆಗಳ ಪುಸ್ತಕದಲ್ಲಿ ದೇವರ ಮೇಲೆ ಸಿಟ್ಟಾದವರ ಪ್ರಾರ್ಥನೆಗಳೇ ಎಷ್ಟಿವೆ ಎಂದು ಓದಿ ತೋರಿಸಿದರು. ಹುಡುಗರನ್ನು ಇಷ್ಟಪಡುವ ಹುಡುಗನ ಪ್ರಶ್ನೆಯನ್ನು ಮಾತ್ರ ಆಮೇಲೆ ನೋಡೋಣ ಎಂದು ಮುಂದೂಡಿದರು, ಆ ‘ಆಮೇಲೆ’ ಕೊನೆಯವರೆಗೂ ಬರಲಿಲ್ಲ. ಅದು ಸರಿಯಾಗಲಿಲ್ಲ ಎಂದು ಇಂದಿಗೂ ಅನ್ನಿಸುತ್ತದೆ. ಕೇಳಿದವನು ಬೇರೆ ಯಾರದೋ ಸಲುವಾಗಿ ಕೇಳಿದ್ದನೆಂದು ನನಗೆ ಅನ್ನಿಸಿರಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಕ್ರಿಸ್ತನು ಸತ್ತವರೊಳಗಿಂದ ಎದ್ದನು ಎಂಬ ಮಾತನ್ನು ನಾನು ಪ್ರತಿ ಈಸ್ಟರ್‌ಗೂ ಹಾಡಿದ್ದೆ, ಒಮ್ಮೆಯೂ ‘ಇದು ನಿಜವೆಂದು ನಾನು ನಂಬುತ್ತೇನೆಯೇ’ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಬಾಯಿಪಾಠ ಒಪ್ಪಿಸುವ ದಿನ ‘ನಂಬುತ್ತೇನೆ’ ಎಂಬಲ್ಲಿ ನಿಂತುಬಿಟ್ಟೆ. ಸಭಾಪಾಲಕರು ಅವಸರ ಮಾಡಲಿಲ್ಲ. ಆಮೇಲೆ ಮನೆಗೆ ಹೋಗಿ ಹಲವು ರಾತ್ರಿ ಅದನ್ನೇ ಯೋಚಿಸಿದೆ, ಲೂಕನ ಸುವಾರ್ತೆಯನ್ನು ಮೊದಲ ಬಾರಿಗೆ ಆರಂಭದಿಂದ ಕೊನೆಯವರೆಗೆ ಓದಿದೆ. ನಂಬುತ್ತೇನೆ ಎಂದೇ ಕೊನೆಗೆ ಹೇಳಿದೆ, ಆದರೆ ಕೆಲವು ಸಾಲುಗಳನ್ನು ಗಟ್ಟಿಯಾಗಿಯೂ ಕೆಲವನ್ನು ಸಣ್ಣ ದನಿಯಲ್ಲಿಯೂ ಹೇಳಿದೆ. ಅಷ್ಟಾದರೂ ಅದು ನನ್ನದೇ ಆದ ಮಾತು.

ದೃಢೀಕರಣಕ್ಕೆ ಬಿಷಪ್ ಬರಬೇಕಿತ್ತು, ಅವರ ಭೇಟಿ ಮುಂದಕ್ಕೆ ಹೋಯಿತು. ದೂರದ ಊರುಗಳ ಚಿಕ್ಕ ಸಭೆಗಳಿಗೆ ಬಿಷಪ್ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ದೃಢೀಕರಣ ಬಾಕಿ ಇರುವವರು ಮುಂದಿನ ಭೇಟಿ ಯಾವಾಗ ಎಂದು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಿ. ಆ ಕಾಯುವಿಕೆಯಲ್ಲಿ ನಾನು ಬೆಟಗೇರಿಗೆ ಹೋಗಿ ಬಂದೆ. ಸೋಲಾಪುರ, ವಿಜಯಪುರ, ಬಾಗಲಕೋಟೆಯ ಮೇಲೆ ಹೋಗುವ ರಾತ್ರಿ ರೈಲು ಕಲ್ಯಾಣದಲ್ಲಿ ನಿಲ್ಲುವುದು ನಮಗೆ ಅನುಕೂಲ. ಬೆಟಗೇರಿಯ ಸಭೆ ಈಗ ಧಾರವಾಡದಲ್ಲಿ ಕೇಂದ್ರವಿರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಧರ್ಮಪ್ರಾಂತ್ಯದ್ದು. ದೊಡ್ಡಪ್ಪ ಜೊತೆಗೆ ಬಂದರು. ರಿಜಿಸ್ಟರ್ ಇಟ್ಟಿದ್ದ ಬೀರುವಿನ ಕೀಲಿ ಊರಿಗೆ ಹೋಗಿದ್ದವರ ಬಳಿ ಇತ್ತು, ಒಂದು ದಿನ ಅದಕ್ಕೇ ಹೋಯಿತು. ಮರುದಿನ ಪುಸ್ತಕ ತೆಗೆದವರು ‘ಮುಂಬೈದಿಂದ ಇಷ್ಟಕ್ಕ ಬಂದೀರೇನವಾ? ಒಂದ್ ಫೋನ್ ಮಾಡಿದ್ರ ಹುಡುಕಿ ಇಡ್ತಿದ್ವಿ’ ಎಂದರು. ಫೋನ್ ಎಷ್ಟು ಸಲ ಮಾಡಿದ್ದೆ ಎಂದು ನಾನು ಹೇಳಲಿಲ್ಲ.

ಪುಟ ಸಿಕ್ಕಿತು. ನೀಲಿ ಶಾಯಿಯ ದುಂಡು ಅಕ್ಷರದಲ್ಲಿ ನನ್ನ ಹೆಸರು, ಅಪ್ಪ ಅವ್ವನ ಹೆಸರು, ಸಾಕ್ಷಿಗಳ ಹೆಸರು. ದೊಡ್ಡಪ್ಪ ಹಳೆಯ ಪುಸ್ತಕಗಳನ್ನೂ ತೆಗೆಸಿ ಅಪ್ಪನ ಸಾಲು, ಅಜ್ಜನ ಸಾಲು ತೋರಿಸಿದರು. ತೊಂದರೆ ಏನೆಂದರೆ ಪುಸ್ತಕದಲ್ಲಿದ್ದದ್ದು ಅಜ್ಜಿಯ ಹೆಸರನ್ನೂ ಕೂಡಿಸಿ ಇಟ್ಟ ಉದ್ದದ ಹೆಸರು. ಆಧಾರ್‌ನಲ್ಲಿ ಅದರ ಮೊದಲ ತುಣುಕು ಮಾತ್ರ, ಅದರ ಮುಂದೆ ಮಹಾರಾಷ್ಟ್ರದ ಪದ್ಧತಿಯಂತೆ ಅಪ್ಪನ ಹೆಸರು, ಮನೆತನದ ಹೆಸರು. ಎರಡೂ ಒಬ್ಬಳೇ ಎಂದು ಪ್ರಮಾಣ ಮಾಡಿದ ಅಫಿಡವಿಟ್ ಬೇಕಾಯಿತು. ಮುಂಬೈಯ ನೋಟರಿ 500 ರೂಪಾಯಿಯ ಸ್ಟ್ಯಾಂಪ್ ಪೇಪರ್ ತರಿಸಿದರು, ಅವರ ಶುಲ್ಕ ಬೇರೆ. ಹೋಗುವವರಿಗೆ ಒಂದು ಮಾತು: ಪ್ರಮಾಣಪತ್ರವನ್ನು ಇಂಗ್ಲಿಷ್‌ನಲ್ಲಿಯೇ ಬರೆಸಿ, ಸಭೆಯ ಮೊಹರು ಮತ್ತು ಸಭಾಪಾಲಕರ ಸಹಿ ಎರಡೂ ಇವೆಯೇ ನೋಡಿ, ದೀಕ್ಷಾಸ್ನಾನ ಯಾವ ವಿಧದಲ್ಲಿ ಆಯಿತು ಎಂದು ಒಂದು ಸಾಲು ಸೇರಿಸಲು ಕೇಳಿ. ಅಚ್ಚಾದ ನಮೂನೆಯಲ್ಲಿ ಆ ಸಾಲು ಇಲ್ಲದಿದ್ದರೆ ಮತ್ತೆ ಅಷ್ಟು ದೂರ ಹೋಗಬೇಕಾದೀತು. ಗಂಡನ ಕಡೆ ಇಷ್ಟು ಕಷ್ಟವಾಗಲಿಲ್ಲ. 2012ರಲ್ಲಿ ಮಂಗಳೂರಿನಿಂದ ಉಡುಪಿ ಧರ್ಮಪ್ರಾಂತ್ಯ ಬೇರೆಯಾದ್ದರಿಂದ ಹಳೆಯ ಕಾಗದದ ತಲೆಬರಹ ಒಂದು, ಹೊಸದರದು ಇನ್ನೊಂದು ಆಗಿತ್ತು, ಅಷ್ಟನ್ನು ಕಚೇರಿಯವರೇ ಅರ್ಥಮಾಡಿಕೊಂಡರು. ಕಥೋಲಿಕರ ಜ್ಞಾನಸ್ನಾನದ ಪುಸ್ತಕದಲ್ಲಿ ದೃಢೀಕರಣ, ಮದುವೆ ಎಲ್ಲವನ್ನೂ ಅದೇ ಸಾಲಿನ ಪಕ್ಕ ಬರೆಯುತ್ತಾ ಹೋಗುತ್ತಾರೆ. ಹಳೆಯ ಪ್ರತಿ ನಡೆಯದೆ ಹೊಸ ಪ್ರತಿ ಕೇಳುವುದು ಅದಕ್ಕಾಗಿಯೇ.

ಬಿಷಪ್ ಬಂದರು, ದೃಢೀಕರಣ ಆಯಿತು, ಪತ್ರ ಸಿಕ್ಕಿತು. ವಿವಾಹ ಸಿದ್ಧತೆಯ ತರಗತಿ ವಾರಾಂತ್ಯದಲ್ಲಿ ಮುಗಿಯಿತು. ಸ್ಥಳ ಬೇಗ ತುಂಬುತ್ತದೆ, ಮೊದಲೇ ಹೆಸರು ಕೊಡಿ. ಹಣದ ವಿಷಯ, ದುಡಿಮೆಯ ಹಂಚಿಕೆ, ಅತ್ತೆ ಮಾವಂದಿರ ಜೊತೆಗಿನ ಬದುಕು, ಮಕ್ಕಳು, ಜಗಳ, ಎಲ್ಲವನ್ನೂ ಅಲ್ಲಿ ಬಿಚ್ಚಿ ಮಾತಾಡಿದರು. ಒಂದು ಕೊರತೆ ಕಂಡಿತು: ನಮ್ಮಂತೆ ಎರಡು ಸಭೆಗಳ ಜೋಡಿಗಳು ಆ ಕೋಣೆಯಲ್ಲಿ ಹಲವು ಇದ್ದರೂ ಭಾನುವಾರ ಯಾವ ದೇವಾಲಯಕ್ಕೆ ಎಂಬ ಮಾತು ಬರಲೇ ಇಲ್ಲ.

ಫಾದರ್ ಮುಂದೆ ಕುಳಿತ ದಿನ ಹೆಚ್ಚು ಹೆದರಿದ್ದೆ. ಪ್ರಮಾಣ ಮಾಡಿಸಿ ಒಬ್ಬೊಬ್ಬರನ್ನೇ ಕೇಳುತ್ತಾರೆ: ಯಾರ ಒತ್ತಾಯವೂ ಇಲ್ಲದೆ ಬಂದಿರುವೆಯಾ, ಮದುವೆ ಸಾಯುವವರೆಗೆ ಎಂದು ಒಪ್ಪುತ್ತೀಯಾ, ಮಕ್ಕಳನ್ನು ಸ್ವೀಕರಿಸುತ್ತೀಯಾ, ಮುಚ್ಚಿಟ್ಟ ಸಂಗತಿ ಏನಾದರೂ ಇದೆಯೇ. ಆಮೇಲೆ ಬಂದದ್ದು ಎಲ್ಲರೂ ಪಿಸುಮಾತಿನಲ್ಲಿ ಹೇಳುವ ಆ ವಾಗ್ದಾನ. 1125ನೆಯ ವಿಧಿಯಂತೆ ಕಥೋಲಿಕ ಸಂಗಾತಿ ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುತ್ತೇನೆಂದೂ, ಹುಟ್ಟುವ ಮಕ್ಕಳೆಲ್ಲರಿಗೂ ಕಥೋಲಿಕ ಸಭೆಯಲ್ಲಿ ಜ್ಞಾನಸ್ನಾನ ಕೊಡಿಸಿ ಬೆಳೆಸಲು ತನ್ನಿಂದಾದುದೆಲ್ಲವನ್ನೂ ಮಾಡುತ್ತೇನೆಂದೂ ಮಾತು ಕೊಡಬೇಕು. ಇನ್ನೊಬ್ಬ ಸಂಗಾತಿಗೆ ಈ ಮಾತಿನ ಅರಿವಿದೆ ಎಂಬುದು ಖಚಿತವಾಗಬೇಕು, ಆದರೆ ಆಕೆ ತಾನೇ ಮಾತು ಕೊಡಬೇಕಿಲ್ಲ. ಹಿಂದೆ ಇಬ್ಬರೂ ಮಾತು ಕೊಡಬೇಕಿತ್ತು. 1970ರಲ್ಲಿ ಆರನೆಯ ಪೌಲ್ ಪೋಪರು ಮಿಶ್ರ ವಿವಾಹಗಳ ಬಗ್ಗೆ ಹೊರಡಿಸಿದ ಆದೇಶದಲ್ಲಿ ಆ ಹೊಣೆ ಕಥೋಲಿಕರ ಮೇಲೆ ಮಾತ್ರ ಉಳಿಯಿತು. ನಿಮ್ಮಿಂದ ಸಹಿ ಕೇಳುವ ಕಾಗದದಲ್ಲಿ ‘ತಿಳಿದಿದ್ದೇನೆ’ ಎಂದಿದೆಯೇ, ‘ವಚನ ಕೊಡುತ್ತೇನೆ’ ಎಂದಿದೆಯೇ ಎಂಬುದನ್ನು ಓದಿಯೇ ಸಹಿ ಮಾಡಿ.

ಸಹಿ ಸುಲಭವಾಗಿತ್ತು, ಅಪ್ಪನಿಗೆ ಹೇಳುವುದು ಸುಲಭವಾಗಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಆ ಪುಸ್ತಕದಾಗ ನಮ್ಮ ಮನಿ ಹೆಸರು ನಿನ್ನ ಕೂಡ ಮುಗೀತು’ ಎಂದರು. ಬೆಟಗೇರಿಯ ಬೀರುವಿನ ಮುಂದೆ ದೊಡ್ಡಪ್ಪನ ಬೆರಳು ಸಾಲಿನಿಂದ ಸಾಲಿಗೆ ಓಡಿದ್ದನ್ನು ನಾನು ನೋಡಿ ಬಂದಿದ್ದೆನಾದ್ದರಿಂದ ಉತ್ತರ ತೋಚಲಿಲ್ಲ. ಇಂದಿಗೂ ಪೂರ್ತಿ ಉತ್ತರ ನನ್ನಲ್ಲಿಲ್ಲ. ನಾವಿಬ್ಬರು ಮಾತಾಡಿಕೊಂಡಿರುವುದು, ಮಕ್ಕಳು ಎರಡೂ ಕಡೆಯ ಪ್ರಾರ್ಥನೆ ಕೇಳಿ ಬೆಳೆಯಲಿ, ನನ್ನ ಸಭೆಯನ್ನು ಅವರ ಮುಂದೆ ಯಾರೂ ಕಡೆಗಣಿಸದಿರಲಿ ಎಂದು. ಅದು ಎಷ್ಟರ ಮಟ್ಟಿಗೆ ನಡೆಯುತ್ತದೋ ಕಾದು ನೋಡಬೇಕು.

ಫಾರಂ ಮುಚ್ಚಿಟ್ಟ ಮೇಲೆ ಫಾದರ್, ಅದರಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು: ನೀವಿಬ್ಬರೂ ಎಂದಾದರೂ ಜೊತೆಯಾಗಿ ಪ್ರಾರ್ಥಿಸಿದ್ದೀರಾ? ನಾವು ಮುಖ ಮುಖ ನೋಡಿಕೊಂಡೆವು. ಜೊತೆಯಾಗಿ ಮಾಹಿಮ್‌ನ ಚರ್ಚಿನಲ್ಲಿ ಬುಧವಾರ ನಡೆಯುವ ಮರಿಯಮಾತೆಯ ಪ್ರಾರ್ಥನೆಗೆ, ನೊವೆನಾಕ್ಕೆ, ಹೋಗಿದ್ದೆವು, ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಮೌಂಟ್ ಮೇರಿ ಹಬ್ಬಕ್ಕೆ ಹೋಗಿದ್ದೆವು. 1948ರಿಂದ ನಡೆದುಬಂದಿರುವ ಆ ನೊವೆನಾದಲ್ಲಿ ಆಫೀಸು ಬ್ಯಾಗ್ ಹೆಗಲಿಗೇರಿಸಿಕೊಂಡು ನಿಂತ ಯುವಜನರನ್ನು, ಅವರಲ್ಲಿನ ಹಿಂದೂಗಳನ್ನೂ ಕಂಡವರಾರೂ ಈ ಊರಿನ ಎಳೆಯರಿಗೆ ದೇವರು ಬೇಡವಾಗಿದ್ದಾನೆ ಎನ್ನಲಾರರು. ಆದರೆ ಇಬ್ಬರೇ ಕುಳಿತು, ಒಬ್ಬರ ಮುಂದೊಬ್ಬರು ಬಾಯಿಬಿಟ್ಟು ಪ್ರಾರ್ಥಿಸಿರಲಿಲ್ಲ. ಜನಜಂಗುಳಿಯಲ್ಲಿ ಕೈಮುಗಿಯಲು ನಮಗೆ ಸಂಕೋಚವಿಲ್ಲ, ಬಲ್ಲವರ ಎದುರು ಪ್ರಾರ್ಥಿಸಲು ಸಂಕೋಚ. ಆ ರಾತ್ರಿ ಪ್ರಯತ್ನಿಸಿದೆವು. ತೀರ ಮುಜುಗರವಾಯಿತು, ಇಬ್ಬರಿಗೂ ನಗು ಬಂತು. ಈಗ ರೂಢಿಯಾಗುತ್ತಿದೆ.

ಅರ್ಜಿ ಕೊಲಾಬಾದ ಆರ್ಚ್‌ಬಿಷಪ್ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಬೂದಿ ಬುಧವಾರ ಬಂದುಬಿಟ್ಟಿತ್ತು. ಅಂದು ಶುರುವಾಗಿ ಈಸ್ಟರ್‌ವರೆಗೆ ನಡೆಯುವ ತಪಸ್ಸುಕಾಲದ ದಿನಗಳಲ್ಲಿ ಇಲ್ಲಿ ಸಾಮಾನ್ಯವಾಗಿ ಮದುವೆ ಮಾಡುವುದಿಲ್ಲ, ಆದ್ದರಿಂದ ಈಸ್ಟರ್ ಕಳೆಯುವವರೆಗೆ ಕಾಯಬೇಕಾಯಿತು. ಹಾಲ್ ಮಾಲೀಕರು ಮುಂಗಡದಲ್ಲಿ ಅರ್ಧ ಹಿಡಿದುಕೊಂಡರು. ನಮ್ಮ ಇಡೀ ಖರ್ಚಿನಲ್ಲಿ ವ್ಯರ್ಥವಾಗಿ ಹೋದ ದೊಡ್ಡ ಮೊತ್ತ ಅದೇ. ವಂತಿಗೆ, ರೈಲು, ನೋಟರಿ, ತರಗತಿಯ ಶುಲ್ಕ ಎಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಅನುಮತಿ ಕೈಗೆ ಬರುವ ಮೊದಲು ಹಾಲ್‌ಗೆ ಹಣ ಕಟ್ಟಬೇಡಿ ಎನ್ನುವುದು ಸುಲಭ, ಮುಂಬೈಯಲ್ಲಿ ಹಾಲ್ ಸಿಗುವುದು ಕಷ್ಟ. ದಿನ ಬದಲಿಸಲು ಒಪ್ಪುವ ಹಾಲ್ ಹುಡುಕಿ ಎಂದಷ್ಟೇ ಹೇಳಬಲ್ಲೆ. ಎರಡೂ ಸಭೆಗಳಲ್ಲಿ ಭಾನುವಾರ ನಮ್ಮ ಮದುವೆಯ ಪ್ರಕಟಣೆಗಳು ಓದಲ್ಪಟ್ಟವು, ಯಾರೂ ಅಡ್ಡಿ ಹೇಳಲಿಲ್ಲ.

ಮದುವೆ ಬಲಿಪೂಜೆಯಿಲ್ಲದೆ (ಕಥೋಲಿಕರ ‘ಮಾಸ್’ ಇಲ್ಲದೆ), ಬೈಬಲ್ ವಾಕ್ಯದ ಆರಾಧನೆಯೊಳಗೆ ನಡೆಯಿತು. ಇದನ್ನು ನಾವೇ ಕೇಳಿಕೊಂಡೆವು. ಬಲಿಪೂಜೆ ಇದ್ದಿದ್ದರೆ ಪರಮಪ್ರಸಾದ, ಎಂದರೆ ಪವಿತ್ರ ರೊಟ್ಟಿ, ಹಂಚುವ ಹೊತ್ತಿಗೆ ಅವರ ಕಡೆಯವರು ಎದ್ದು ಹೋಗಿ, ಅಪ್ಪ, ಅವ್ವ, ನಾನು ಕುಳಿತೇ ಇರಬೇಕಿತ್ತು. ಮದುವೆಯ ದಿನವೇ ಆ ಗೆರೆ ಕಾಣುವುದು ಇಬ್ಬರಿಗೂ ಬೇಡವಾಗಿತ್ತು. ಒಪ್ಪಿಗೆಯ ಮಾತುಗಳನ್ನು ಫಾದರ್ ಸ್ವೀಕರಿಸಿದರು. ಒಂದೇ ಮದುವೆಗೆ ಎರಡು ವಿಧಿ ಮಾಡಬಾರದು ಎಂದು 1127ನೆಯ ವಿಧಿ ಹೇಳುತ್ತದೆ, ಆದ್ದರಿಂದ ನಮ್ಮ ಸಭಾಪಾಲಕರು ಕನ್ನಡದಲ್ಲಿ ವಾಚನ ಮಾಡಿ, ಕೊನೆಗೆ ಪ್ರಾರ್ಥಿಸಿದರು. ಇದನ್ನು ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸಿಕೊಂಡರೆ ಆ ದಿನ ವೇದಿಕೆಯ ಮೇಲೆ ಗೊಂದಲವಾಗುವುದಿಲ್ಲ. ಸರ್ಕಾರಿ ದಾಖಲೆಗೆ ಮಾತ್ರ ತಾಳ್ಮೆ ಬೇಕು: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಚರ್ಚ್‌ನ ದಾಖಲೆಗಳು ನೋಂದಣಿ ಕಚೇರಿಗೆ ಹೋಗುವುದು ಮೂರು ತಿಂಗಳಿಗೊಮ್ಮೆ. ಪಾಸ್‌ಪೋರ್ಟಿಗೋ ವೀಸಾಕ್ಕೋ ಅವಸರವಿರುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮದು ಇನ್ನೂ ಬಂದಿಲ್ಲ.

ಸದ್ಯಕ್ಕೆ ಭಾನುವಾರ ಬೆಳಗ್ಗೆ ಅವರ ಜೊತೆ ಬಲಿಪೂಜೆ, ಮಧ್ಯಾಹ್ನ ನನ್ನ ಜೊತೆ ಕನ್ನಡ ಆರಾಧನೆ ಎಂದು ಇಟ್ಟುಕೊಂಡಿದ್ದೇವೆ. ದಣಿವಾದ ವಾರ ಒಂದೇ ಕಡೆ. ದೃಢೀಕರಣದ ಮುಂದಿನ ತಂಡಕ್ಕೆ ನೀನೂ ಕಲಿಸಬೇಕು ಎಂದು ಸಭಾಪಾಲಕರು ಕೇಳಿದ್ದಾರೆ. ಎರಡು ಷರತ್ತು ಹಾಕಿದ್ದೇನೆ: ಮುಂದೂಡಿದ ಆ ಪ್ರಶ್ನೆಯನ್ನು ಈ ಸಲ ಮೊದಲ ತಿಂಗಳಲ್ಲಿಯೇ ಎತ್ತಿಕೊಳ್ಳಬೇಕು, ಮತ್ತು ತರಗತಿಯ ದಿನವನ್ನು ಗೊತ್ತುಮಾಡುವ ಮೊದಲು ಮಕ್ಕಳ ಕೋಚಿಂಗ್ ಟೆಸ್ಟಿನ ವೇಳಾಪಟ್ಟಿಯನ್ನು ತರಿಸಿಕೊಂಡು ನೋಡಬೇಕು. ಎರಡನೆಯದಕ್ಕೆ ಸಮಿತಿ ಒಪ್ಪಿದೆ. ಮೊದಲನೆಯದು ಸಮಿತಿಯ ಮುಂದಿನ ಬೈಠಕ್‌ನಲ್ಲಿ ಚರ್ಚೆಗೆ ಬರಲಿದೆ.